ಎಳ್ಳಮಾವಾಸ್ಯೆ ಮುಗಿದ ಮೇಲೂ ಹೊಲಕ್ಕೆ ಬನ್ನಿ

ಉದಗೀರ,
ಮಾಘ ಮಾಸ

ಉದಗೀರ, ದೇವಣಿ, ನಿಲಂಗಾ, ಉಮರ್ಗಾ ತಾಲೂಕುಗಳಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ಎಲ್ಲ ತಂದೆತಾಯಂದಿರಿಗೆ,



ನಾನು 31 ವರ್ಷ ಹಳ್ಳಿಯ ಮರಾಠಿ ಶಾಲೆಗಳಲ್ಲಿ ಪಾಠ ಹೇಳಿದವಳು. ನಿಮ್ಮಲ್ಲಿ ಕೆಲವರು ನನ್ನ ಮುಂದೆ ಪಾಟಿ ಹಿಡಿದು ಕುಳಿತವರು. ಶಾಲೆಯ ಅಂಗಳದಲ್ಲಿ ಮರಾಠಿ, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ, ಸಂತೆಯಲ್ಲಿ ಎರಡೂ ಕೂಡಿ ಮೇಲೊಂದಿಷ್ಟು ದಖನಿ. ಹೀಗೆ ಬೆಳೆದವರು ನೀವು, ನಾನೂ ಹಾಗೇ ಬೆಳೆದವಳು. ಆ ಸಲಿಗೆಯಿಂದ ಒಂದು ಮಾತು ಕೇಳುತ್ತಿದ್ದೇನೆ. ಈಗಿನಿಂದ ಯುಗಾದಿಯೊಳಗೆ ನಾಲ್ಕು ರವಿವಾರದ ಬೆಳಗನ್ನು ನಿಮ್ಮ ಮಕ್ಕಳ ಜೊತೆ ಊರ ಹೊರಗಿನ ಬಯಲಲ್ಲಿ ಕಳೆಯಿರಿ. ಮನೆಯಲ್ಲಿ ಮುತ್ಯಾ ಇದ್ದರೆ ಮುತ್ಯಾನನ್ನು, ಆಯಿ ಇದ್ದರೆ ಆಯಿಯನ್ನು ಕರೆದುಕೊಂಡು ಹೋಗಿರಿ. ಯಾಕೆ ಕೇಳುತ್ತಿದ್ದೇನೆ, ಯಾಕೆ ಈಗಲೇ ಕೇಳುತ್ತಿದ್ದೇನೆ ಎಂಬುದನ್ನು ಸಾವಕಾಶವಾಗಿ ಓದಬೇಕೆಂದು ವಿನಂತಿ.

ಹೊಲಕ್ಕೆ ಹೋಗುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಎಳ್ಳಮಾವಾಸ್ಯೆ ಬಂತೆಂದರೆ ಈ ಸೀಮೆಯ ಪೇಟೆಗಳು ಅಂಗಡಿ ಬಾಗಿಲು ಎಳೆದು ಹೊಲದ ಹಾದಿ ಹಿಡಿಯುತ್ತವೆ. ಕಣಿಕೆಯ ಕೊಪ್ಪೆ ಕಟ್ಟುತ್ತೇವೆ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸುತ್ತೇವೆ, ಬೆಳೆಯ ಸುತ್ತ ಚರಗ ಚೆಲ್ಲುತ್ತೇವೆ. ಭಜ್ಜಿ, ಅಂಬಲಿ, ಸಜ್ಜಿ ರೊಟ್ಟಿ. ಹೊಲ ಇಲ್ಲದವರನ್ನೂ ಕರೆದು ಪಂಕ್ತಿಯಲ್ಲಿ ಕೂರಿಸುತ್ತೇವೆ. ಮರಾಠಿ ನೆರೆಯವರು 'ಯೇಳವಸ' ಅನ್ನುವ ಮಾತಿನಲ್ಲಿ ನಮ್ಮ ಎಳ್ಳಮಾವಾಸ್ಯೆಯೇ ಕೂತಿದೆ. ಇಂಥ ಹಬ್ಬ ಇರುವ ನಾಡಿನ ಮಕ್ಕಳು ಭಾಗ್ಯವಂತರು.

ಆದರೆ ಆ ದಿನ ಮಗು ಹೊಲದಲ್ಲಿ ಏನು ನೋಡುತ್ತದೆ? ಮಾರ್ಗಶಿರದ ಕೊನೆಗೆ ಜೋಳ ಆಳೆತ್ತರ ನಿಂತಿರುತ್ತದೆ. ಎತ್ತ ನೋಡಿದರೂ ಜೋಳದ ಗೋಡೆ. ನೂರು ಜನರ ಗದ್ದಲ, ಗಾಡಿಗಳ ಹಾರನ್, ಮೊಬೈಲಿನ ಹಾಡು. ಸಂಜೆಗೆ ಪಾತ್ರೆ ಕಟ್ಟಿಕೊಂಡು ಮನೆಗೆ ಬಂದರೆ ಮತ್ತೆ ಬರುವ ವರ್ಷದ ಎಳ್ಳಮಾವಾಸ್ಯೆಯವರೆಗೆ ಆ ಮಗುವಿನ ಕಾಲಿಗೆ ಎರೆ ಮಣ್ಣು ತಾಗುವುದಿಲ್ಲ. ಬಯಲು ನಿಜವಾಗಿ ಬಾಯಿ ಬಿಡುವುದು ಎರಡು ತಿಂಗಳ ನಂತರ. ಆಗ ನಾವು ಅಲ್ಲಿರುವುದಿಲ್ಲ.

ಈಗ, ಶಿವರಾತ್ರಿಯ ಆಚೆ ಈಚೆ, ಜೋಳ ಕೊಯ್ದಾಗಿದೆ ಇಲ್ಲವೇ ಕೊಯ್ಯುತ್ತಿದ್ದಾರೆ. ಕಡಲೆ ಕಿತ್ತಾಗಿದೆ. ಕುಸುಬಿ ಮಾತ್ರ ಮುಳ್ಳು ಬಿಚ್ಚಿಕೊಂಡು ನಿಂತಿದೆ. ಗೋಡೆ ಬಿದ್ದ ಹಾಗೆ ಬಯಲು ತೆರೆದುಕೊಂಡಿದೆ. ಮೊನ್ನೆಯವರೆಗೆ ಜೋಳದೊಳಗೆ ಅಡಗಿದ್ದ ಚಿಗರಿಯ ಹಿಂಡು ಈಗ ಅರ್ಧ ಮೈಲಿ ದೂರದಿಂದ ಕಾಣುತ್ತದೆ. ಮರಗಳು ಎಲೆ ಉದುರಿಸಿವೆ. ಆದ್ದರಿಂದ ಕಳೆದ ಮಳೆಗಾಲದ ಗೂಡುಗಳು, ಪೊಟರೆಯ ಬಾಯಲ್ಲಿ ಕೂತ ಹಾಲಕ್ಕಿ, ಕೊಂಬೆಗೆ ಜೋತುಬಿದ್ದ ಹೆಜ್ಜೇನು ಎಲ್ಲವೂ ಬರಿಗಣ್ಣಿಗೆ ಸಿಗುತ್ತವೆ. ಹಳ್ಳ ಬತ್ತಿ ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ನೀರು ಉಳಿದಿದೆ. ನೀರು ಕಡಿಮೆಯಾದಷ್ಟೂ ಅದರ ಸುತ್ತ ಸೇರುವ ಜೀವಗಳು ಹೆಚ್ಚು, ಒಂದು ಗುಂಡಿಯ ಬಳಿ ಅರ್ಧ ತಾಸು ಕೂತರೆ ಸೀಮೆಯ ಹಕ್ಕಿಗಳೆಲ್ಲ ಸರದಿಯಲ್ಲಿ ಬಂದು ಹೋಗುತ್ತವೆ. ಚಳಿಗಾಲಕ್ಕೆ ಉತ್ತರದಿಂದ ಬಂದ ಸಿಪಿಲೆಗಳು, ಗುಲಾಬಿ ಕಬ್ಬಕ್ಕಿಗಳು ಇನ್ನೂ ಹೊರಟಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ಹಕ್ಕಿಗಳು ಜೋಡಿ ಕಟ್ಟಿ ಹಾಡಲು ಶುರು ಮಾಡಿವೆ. ಹೋಗುವವರೂ ಇರುವವರೂ ಒಟ್ಟಿಗೆ ಸಿಗುವ ಕಾಲ ಇದೊಂದೇ. ಏಪ್ರಿಲ್ ಕಾಲಿಟ್ಟಿತೆಂದರೆ ಒಂಬತ್ತು ಗಂಟೆಗೇ ನೆಲ ಕಾದು, ಚಪ್ಪಲಿ ಹಾಕಿದ ಕಾಲೂ ಸುಡುತ್ತದೆ.

"ಮೇಡಂ, ನಮ್ಮ ಕಡೆ ಕಾಡು ಎಲ್ಲದ? ಬರೇ ಮಾಳ ಅದ" ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ. ಅವನ ಮಾತು ನಿಜ. ಲಾತೂರ ಜಿಲ್ಲೆಯಲ್ಲಿ ಕಾಡು ಶೇಕಡಾ ಒಂದರಷ್ಟೂ ಇಲ್ಲ. ಟಿ.ವಿ.ಯಲ್ಲಿ ತೋರಿಸುವ ಹುಲಿ, ಆನೆಗಳನ್ನು ನೋಡಿ ನಾವು ನಮ್ಮದನ್ನು ಬಡತನ ಎಂದುಕೊಂಡಿದ್ದೇವೆ. ಆದರೆ ಚಿಗರಿ ಕಾಡಿನ ಪ್ರಾಣಿ ಅಲ್ಲ, ಬಯಲಿನ ಪ್ರಾಣಿ. ತೋಳ, ನರಿ, ಮೊಲ, ಬುರ್ಲಿ, ಗೌಜಲಕ್ಕಿ, ನೆಲಗುಬ್ಬಿ ಎಲ್ಲವೂ ಮಾಳದ ಒಕ್ಕಲು. ಅವುಗಳಿಗೆ ಮಾಳವೇ ಮನೆ. ಎರೆ ಹೊಲದ ನಾಡಿನಲ್ಲಿ ಎರೆಭೂತ ಎಂಬ ದೊಡ್ಡ ಹಕ್ಕಿ ಇತ್ತು, ಮರಾಠಿಯಲ್ಲಿ ಮಾಳಢೋಕ. ಆಳಿನ ಸೊಂಟದೆತ್ತರ, ನಡಿಗೆಯಲ್ಲಿ ಗೌಡಕಿ. ಅದನ್ನು ಉಳಿಸಬೇಕೆಂದು 1979ರಲ್ಲಿ ಸೊಲ್ಲಾಪುರ ಪಕ್ಕದ ನಾನ್ನಜದಲ್ಲಿ ಅಭಯಾರಣ್ಯ ಮಾಡಿದರು. ಈಗ ಅಲ್ಲೂ ಅದು ಕಾಣುವುದು ದುರ್ಲಭ. ನನ್ನ ಮುತ್ಯಾ ತನ್ನ ಹೊಲದ ಅಂಚಿನಲ್ಲಿ ಎರೆಭೂತ ಕಂಡವನು. ನಾನು ಕಾಣಲಿಲ್ಲ. "ಬರೇ ಮಾಳ" ಎಂದು ಕೈಬಿಟ್ಟ ನೆಲದಿಂದಲೇ ಅದು ಹೋಯಿತು.

ಒಂದು ಬೆಳಗಿನ ಮಾತು ಹೇಳುತ್ತೇನೆ. ಕಳೆದ ವರ್ಷ ಪುಣೆಯಿಂದ ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗ ಬಂದಿದ್ದರು. ಮೊಮ್ಮಗನನ್ನು ಎಬ್ಬಿಸಿ, ಹೆಗಲಿಗೆ ರೊಟ್ಟಿ ಬುತ್ತಿ, ನೀರಿನ ಬಾಟಲಿ ಹಾಕಿಕೊಂಡು ಆರೂಮುಕ್ಕಾಲಿಗೆ ಹೊರಟೆವು. ಸೂರ್ಯ ಆಗ ತಾನೇ ಬದುವಿನ ಮೇಲೆ ಬಂದಿದ್ದ. ಊರ ಹೊರಗಿನ ಗಾಯರಾನದಲ್ಲಿ, ಅಂದರೆ ಗೋಮಾಳದಲ್ಲಿ, ಕಾಲಿಟ್ಟ ಕೂಡಲೇ ಟಿಟವಿ ಎದ್ದು ತಲೆಯ ಮೇಲೆ ಸುತ್ತುತ್ತ ಒದರಲು ಹತ್ತಿತು. ನಿಮಗೆಲ್ಲ ಗೊತ್ತಿರುವ ಹಕ್ಕಿ, ಪುಸ್ತಕದ ಕನ್ನಡದಲ್ಲಿ ಟಿಟ್ಟಿಭ. ಹುಡುಗ ಕೈಯಿಂದ ಕಿವಿ ಮುಚ್ಚಿಕೊಂಡ. ನನಗೆ ನನ್ನ ಅವ್ವನ ಮಾತು ನೆನಪಾಯಿತು: "ಸಾವಕಾಶ ಹೆಜ್ಜಿ ಇಡು. ಟಿಟವಿ ಒದರ್ಲಾಕತ್ತದ ಅಂದ್ರ ತತ್ತಿ ಇಲ್ಲೇ ಎಲ್ಲೋ ಅವ."

ಇದ್ದಲ್ಲೇ ನಿಂತೆವು. ನೆಲದ ತುಂಬ ಹೆಬ್ಬೆರಳು ಗಾತ್ರದ ಕಂದು ಕಲ್ಲುಗಳು, ಒಣ ಹುಲ್ಲಿನ ಬುಡ, ಮೇಕೆಯ ಹಿಕ್ಕೆ. ಮೂರು ಮಾರು ದೂರ ಹಿಂದೆ ಸರಿದು ಕೂತೆವು. ಹಕ್ಕಿ ಇಳಿಯಿತು, ನಾಲ್ಕು ಹೆಜ್ಜೆ ಓಡಿತು, ನಿಂತಿತು, ಸುಳ್ಳೇ ಬೇರೆ ಕಡೆ ಹೋಗಿ ನೆಲ ಕುಕ್ಕಿತು, ಮತ್ತೆ ತಿರುಗಿ ಬಂತು. ಹತ್ತು ನಿಮಿಷ ನಮ್ಮನ್ನು ಪರೀಕ್ಷೆ ಮಾಡಿ, ಕೊನೆಗೆ ಒಂದು ಕಡೆ ಕಾಲು ಮಡಚಿ ಕೂತಿತು. ಅಲ್ಲಿ ಗೂಡು ಎಂಬುದು ಇರಲಿಲ್ಲ. ನಾಲ್ಕು ಸಣ್ಣ ಕಲ್ಲು ಒತ್ತರಿಸಿ ಮಾಡಿದ ತಗ್ಗು, ಅದರಲ್ಲಿ ನಾಲ್ಕು ತತ್ತಿ, ಚೂಪು ತುದಿ ಒಳಗೆ ಮಾಡಿ ಜೋಡಿಸಿದ್ದು. ಬೂದು ಮಣ್ಣಿನ ಬಣ್ಣ, ಮೇಲೆ ಮಸಿ ಚೆಲ್ಲಿದ ಹಾಗೆ ಕಪ್ಪು ಮಚ್ಚೆ. ನಾವು ಮೊದಲು ನಿಂತ ಜಾಗದಿಂದ ಅದು ಒಂದು ಮಾರು ಮಾತ್ರ ದೂರವಿತ್ತು! ಹುಡುಗ ಉಸಿರು ಹಿಡಿದುಕೊಂಡಿದ್ದ. "ಆಯಿ, ನಾ ತುಳದಬಿಡ್ತಿದ್ನೆಲ್ಲ" ಎಂದ. ಅವನ ಬಾಯಿಂದ ಅಷ್ಟು ಉದ್ದದ ಕನ್ನಡ ಮಾತು ತಾನಾಗಿ ಬಂದದ್ದನ್ನು ನಾನು ಅಂದೇ ಕೇಳಿದ್ದು.

ಬಿಸಿಲು ಏರಿದಾಗ ಈ ಹಕ್ಕಿ ಹತ್ತಿರದ ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ತತ್ತಿಯ ಮೇಲೆ ಕೂರುತ್ತದೆ. ತತ್ತಿಗೆ ತಂಪು ಕೊಡುವ ಉಪಾಯ. ಟಿಟವಿ ಎತ್ತರದಲ್ಲಿ ತತ್ತಿ ಇಟ್ಟರೆ ಆ ವರ್ಷ ಮಳೆ ಜೋರು, ತಗ್ಗಿನಲ್ಲಿ ಇಟ್ಟರೆ ಬರ ಎಂದು ನಮ್ಮ ರೈತರು ನಂಬುತ್ತಾರೆ. ಅದು ನಿಜವೋ ಅಲ್ಲವೋ, ಮಕ್ಕಳೇ ನಾಲ್ಕು ವರ್ಷ ಬರೆದಿಟ್ಟು ನೋಡಲಿ. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ತಂದ ಸೀಮೆ ಇದು. ಮಳೆಯ ಸುಳಿವನ್ನು ನೆಲದಲ್ಲಿ ಹುಡುಕುವ ಅಭ್ಯಾಸ ಇಲ್ಲಿಯ ಮಕ್ಕಳಿಗೆ ಬೇಕು.

ಅದೇ ದಿನ ಮುಂದೆ ಹಳ್ಳದ ದಂಡೆಯಲ್ಲಿ ಒಂದು ಮುತ್ತಲ ಗಿಡ. ಪುಸ್ತಕದಲ್ಲಿ ಮುತ್ತುಗ, ಮರಾಠಿಯಲ್ಲಿ ಪಳಸ. ಮೈಮೇಲೆ ಒಂದೆಲೆ ಇಲ್ಲ, ಬುಡದಿಂದ ತುದಿಯವರೆಗೆ ಕೇಸರಿ. ಮುತ್ತಲ ಎಲೆಯ ಪತ್ರಾವಳಿಯಲ್ಲಿ ಉಂಡು ಬೆಳೆದ ನಾವು ಅದರ ಹೂವನ್ನು ಕೈಯಲ್ಲಿ ಹಿಡಿದು ನೋಡಿದ್ದು ಕಡಿಮೆ. ಒಂದು ಬಿದ್ದ ಹೂವನ್ನು ಮಗುವಿನ ಅಂಗೈಯಲ್ಲಿಡಿ. ಬುಡದಲ್ಲಿ ಕಪ್ಪು ಮಖಮಲ್ಲಿನ ಬಟ್ಟಲು, ಅದರೊಳಗಿಂದ ಗಿಣಿಯ ಕೊಕ್ಕಿನಂತೆ ಬಾಗಿದ ಪಕಳೆ. ಆ ಕೊಕ್ಕನ್ನು ಉಗುರಿನಿಂದ ಸೀಳಿದರೆ ಒಳಗೆ ಕೇಸರಗಳ ಕಟ್ಟು, ಅದರ ಬುಡದಲ್ಲಿ ಒಂದು ಹನಿ ಸಿಹಿ. ಆ ಹನಿಗಾಗಿಯೇ ಮರದ ತುಂಬ ಸೂರಕ್ಕಿ, ಪಿಕಳಾರ, ಕಾಜಾಣ, ಅಳಿಲು, ಮೇಲಿಂದ ಬಂದೆರಗುವ ಭೋರಡಿಗಳ ಹಿಂಡು.

ಭೋರಡಿ ಎಂದಾಗ ನನ್ನ ಬಲಗೈ ತೋಳು ಈಗಲೂ ಕವಣೆ ನೆನೆಯುತ್ತದೆ. ಚಿಕ್ಕವಳಿದ್ದಾಗ ಶಾಲೆಗೆ ಹೋಗುವ ಮುಂಚೆ ಎರಡು ತಾಸು ಜೋಳದ ಹೊಲದ ಮಂಚಿಕೆಯ ಮೇಲೆ ನಿಂತು ಅವನ್ನು ಹೊಡೆದೋಡಿಸುವುದು ನನ್ನ ಕೆಲಸವಾಗಿತ್ತು. ಸಾವಿರಾರು ಹಕ್ಕಿಗಳು ಹೊಗೆಯಂತೆ ಎದ್ದು, ಮಡಚಿ, ಬಿಚ್ಚಿ, ಮತ್ತೆ ಅದೇ ಹೊಲಕ್ಕೆ ಬೀಳುತ್ತಿದ್ದವು. ನಮಗೆ ಅವು ಕಳ್ಳರು. ಕನ್ನಡದಲ್ಲಿ ಅದರ ಹೆಸರು ಗುಲಾಬಿ ಕಬ್ಬಕ್ಕಿ ಎಂದು, ಅದು ನಡು ಏಷ್ಯಾದ ಹುಲ್ಲುಗಾವಲಿನಿಂದ ಇಲ್ಲಿಗೆ ಬರುತ್ತದೆಂದು ನನಗೆ ಗೊತ್ತಾದದ್ದು ಶಿಕ್ಷಕಿಯಾದ ಮೇಲೆ. ಏಪ್ರಿಲ್‌ನಲ್ಲಿ ಹೊರಟು ಹೋಗಿ ಅಲ್ಲಿ ಮರಿ ಮಾಡುತ್ತದೆ. ಮರಿಗಳಿಗೆ ಉಣಿಸುವುದು ಮಿಡತೆ. ಚೀನಾದ ಶಿಂಜಿಯಾಂಗ್ ಸೀಮೆಯಲ್ಲಿ ಮಿಡತೆಯ ಕಾಟ ತಡೆಯಲಿ ಎಂದು ಈ ಹಕ್ಕಿಗೆ ಗೂಡು ಕಟ್ಟಲು ಕಲ್ಲಿನ ಗುಡ್ಡೆಗಳನ್ನು ಒಟ್ಟಿ ಕೊಡುತ್ತಾರೆ. ನಾವು ಕವಣೆ ಬೀಸಿದ ಹಕ್ಕಿಗೆ ಅಲ್ಲಿ ಮನೆ ಕಟ್ಟಿ ಕರೆಯುತ್ತಾರೆ. ನನ್ನ ಅಪ್ಪನ ಜೋಳ ಹೋದದ್ದು ಸುಳ್ಳಲ್ಲ, ರೈತನ ನಷ್ಟವನ್ನು ನಾನು ಸಣ್ಣದು ಎನ್ನುವುದಿಲ್ಲ. ಆದರೆ ಈಗ ಕೊಯ್ದ ಹೊಲದಲ್ಲಿ, ಮುತ್ತಲ ಹೂವಿನಲ್ಲಿ ಅವು ಯಾರ ಕಾಳನ್ನೂ ತಿನ್ನುತ್ತಿಲ್ಲ. ಸಂಜೆ ಆರರ ಹೊತ್ತಿಗೆ ಯಾವುದಾದರೂ ಕೆರೆಯ ಪಕ್ಕದ ಜಾಲಿ ಗಿಡಗಳ ಹತ್ತಿರ ನಿಂತು ನೋಡಿ, ರಾತ್ರಿ ವಸತಿಗೆ ಬರುವ ಆ ಹಿಂಡು ಆಕಾಶದಲ್ಲಿ ಹೆಣೆಯುವ ಜಾಳಿಗೆ ನೋಡಿ. ಟಿಕೆಟ್ ಇಲ್ಲದ ಅಂಥ ಆಟ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ.

ಈಗ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಭಾರವಾಗಿರುವ ಮಾತಿಗೆ ಬರುತ್ತೇನೆ.

1956ರಲ್ಲಿ ಬೀದರ ಜಿಲ್ಲೆ ಒಡೆದು ಉದಗೀರ, ನಿಲಂಗಾ, ಅಹಮದಪುರ ಗಡಿಯ ಈ ಮರಾಠಿ ಕಡೆ ಬಂದವು. ಔರಾದ, ಭಾಲ್ಕಿ ಆ ಕನ್ನಡ ಕಡೆ ಉಳಿದವು. ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಮರಾಠಿ ನನಗೆ ಅನ್ನ ಕೊಟ್ಟ ಭಾಷೆ, ನಿಮ್ಮ ಮಕ್ಕಳೂ ಅದನ್ನು ಚೆನ್ನಾಗಿ ಕಲಿಯಲಿ. ಆದರೆ ನಮ್ಮ ಮನೆಗಳಲ್ಲಿ ಏನಾಗಿದೆ ಎಂದರೆ, ಹಕ್ಕಿ, ಗಿಡ, ಹುಳುಗಳ ಹೆಸರು ಶಾಲೆಯಿಂದ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಬರುತ್ತವೆ. ಕನ್ನಡ ಅಡಿಗೆಮನೆಯಲ್ಲಿ, ದೇವರ ಕೋಣೆಯಲ್ಲಿ ಉಳಿದಿದೆ. ಅಡಿಗೆಮನೆಯಲ್ಲಿ ಹಾಲಕ್ಕಿಯ ಮಾತು ಯಾಕೆ ಬರಬೇಕು? ಆ ಹೆಸರುಗಳು ಹೊಲಕ್ಕೆ ಹೋದರೆ ಮಾತ್ರ ಬಾಯಿಗೆ ಬರುವಂಥವು. ಹೊಲಕ್ಕೆ ಹೋಗುವುದು ನಿಂತಿತು, ಹೆಸರು ಹೇಳುವುದೂ ನಿಂತಿತು.

ನನ್ನ ಅವ್ವ ನಮ್ಮ ಹಿತ್ತಿಲ ಜಾಲಿ ಬೇಲಿಯಲ್ಲಿ ಸಂಜೆ ಬಂದು ಕೂರುತ್ತಿದ್ದ ಒಂದು ಸಣ್ಣ ಕಂದು ಹಕ್ಕಿಯನ್ನು ಒಂದು ಹೆಸರಿನಿಂದ ಕರೆಯುತ್ತಿದ್ದಳು. ಎರಡೇ ಅಕ್ಷರದ ಹೆಸರು. ದಿನಾ ಕೇಳಿದ್ದೆ, ಬರೆದಿಡಬೇಕು ಎನ್ನಿಸಲಿಲ್ಲ, ಯಾಕೆಂದರೆ ಅವ್ವ ಇದ್ದಳಲ್ಲ. ಅವಳು ತೀರಿಕೊಂಡು ಹದಿನಾಲ್ಕು ವರ್ಷ. ಹಕ್ಕಿ ಈಗಲೂ ಬರುತ್ತದೆ. ಹೆಸರು ನನಗೆ ನೆನಪಿಲ್ಲ. ಅಣ್ಣನನ್ನು ಕೇಳಿದೆ, ಭಾಲ್ಕಿಯಲ್ಲಿರುವ ಚಿಕ್ಕಮ್ಮನನ್ನು ಕೇಳಿದೆ. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕಗಳನ್ನು ತರಿಸಿ ಪುಟ ಪುಟ ತಿರುವಿದೆ, ಅದರಲ್ಲಿರುವ ಕನ್ನಡ ಹೆಸರುಗಳು ಚೆಂದ ಇವೆ, ಆದರೆ ಅವ್ವನ ಹೆಸರು ಅಲ್ಲಿಲ್ಲ. ಅದು ಈ ಸೀಮೆಯ ಮಾತು. ನನ್ನ ಅಲಕ್ಷ್ಯದಿಂದ ಒಂದು ಹೆಸರು ಲೋಕದಿಂದ ಹೋಯಿತೇ ಎಂದು ಸಂಜೆಯಾದರೆ ಎದೆ ಚುರ್ ಎನ್ನುತ್ತದೆ. ನಿಮ್ಮ ಮನೆಯ ಮುತ್ಯಾ, ಆಯಿ ಇನ್ನೂ ಇದ್ದಾರೆ. ಅದಕ್ಕಾಗಿ ಈ ಪತ್ರ.

ಸೊಲ್ಲಾಪುರದಲ್ಲಿ ಹುಟ್ಟಿದ ಮಾರುತಿ ಚಿತಮಪಲ್ಲಿಯವರ ಹೆಸರು ನಿಮ್ಮ ಮಕ್ಕಳು ಮರಾಠಿ ಪಾಠದಲ್ಲಿ ಕೇಳಿರುತ್ತಾರೆ. ಅರಣ್ಯ ಇಲಾಖೆಯ ನೌಕರಿಯ ಉದ್ದಕ್ಕೂ ಅವರು ಕಾಡಿನ ಜನರ, ಹಳ್ಳಿಯ ಜನರ ಬಾಯಲ್ಲಿದ್ದ ಹೆಸರುಗಳನ್ನು ಕೇಳಿ ಕೇಳಿ ಬರೆದುಕೊಂಡರು, ಅದರಿಂದ 'ಪಕ್ಷಿಕೋಶ' ಆಯಿತು. 2025ರಲ್ಲಿ ತೀರಿಕೊಂಡರು. ಅವರಿಗಿಂತಲೂ ಹಿಂದೆ, 1931-32ರಲ್ಲಿ, ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದರು. ಆಗ ನಮ್ಮ ಉದಗೀರ ಆ ಸಂಸ್ಥಾನದ ಒಂದು ತಾಲೂಕು. ಈ ಇಬ್ಬರ ಹುಟ್ಟಿದ ದಿನಗಳನ್ನು ಸೇರಿಸಿ, ನವೆಂಬರ್ 5ರಿಂದ 12ರವರೆಗೆ ಮಹಾರಾಷ್ಟ್ರದಲ್ಲಿ ಪಕ್ಷಿ ಸಪ್ತಾಹ ಆಚರಿಸುತ್ತಾರೆ. ದೊಡ್ಡವರು ದೊಡ್ಡ ಕೆಲಸ ಮಾಡಿದರು. ನಮ್ಮ ಊರಿನ ಕನ್ನಡ ಹೆಸರುಗಳನ್ನು ಕೂಡಿಡುವ ಕೆಲಸ ಮಾತ್ರ ನಮ್ಮ ಮನೆಯವರದೇ.

ಎರಡೂ ಭಾಷೆಯ ಹೆಸರು ಅಕ್ಕಪಕ್ಕ ಇಟ್ಟು ನೋಡುವುದರಲ್ಲಿ ಒಂದು ಸುಖವಿದೆ. ಹಾಲಕ್ಕಿಯ ಮರಾಠಿ ಹೆಸರು ಪಿಂಗಳಾ. ನಮ್ಮಲ್ಲಿ ಬುಡಬುಡಿಕೆಯವರು ಹಾಲಕ್ಕಿ ನುಡಿಯಿತು ಎಂದು ಭವಿಷ್ಯ ಹೇಳುತ್ತಾರೆ. ಮರಾಠಿಗರಲ್ಲಿ ನಸುಕಿನಲ್ಲಿ ಬಂದು ಭವಿಷ್ಯ ಹೇಳುವವನ ಹೆಸರೇ ಪಿಂಗಳಾ. ಒಂದೇ ಪೊಟರೆಯ ಒಂದೇ ಪುಟ್ಟ ಗೂಬೆ ಎರಡು ಭಾಷೆಯಲ್ಲೂ ಜೋಯಿಸ. ಚಿಗರಿ ಅವರಿಗೆ ಕಾಳವೀಟ, ಗುಬ್ಬಿ ಚಿಮಣಿ. ನೀಲಕಂಠ ಮಾತ್ರ ಇಬ್ಬರಿಗೂ ನೀಲಕಂಠ. ಮಗು ಎರಡನ್ನೂ ಹೇಳಲಿ. ಗಡಿಯಲ್ಲಿ ಹುಟ್ಟಿದ ಮಗುವಿಗೆ ಇದು ಹೊರೆ ಅಲ್ಲ, ಎರಡು ಹೊಲದ ಬೆಳೆ.

ಎಲ್ಲಿಗೆ ಹೋಗಬೇಕು ಎಂದು ಕೇಳುತ್ತೀರಿ. ದೂರ ಬೇಡ. ನಿಮ್ಮ ಊರಿನ ಹಳ್ಳ, ನಿಮ್ಮ ಬದು, ನಿಮ್ಮ ಗಾಯರಾನ ಸಾಕು. ಉದಗೀರ ಪೇಟೆಯವರಾದರೆ ಕೋಟೆ ಇದೆ. 1760ರ ಫೆಬ್ರವರಿಯಲ್ಲಿ, ಇದೇ ಹವೆಯಲ್ಲಿ, ಪೇಶ್ವೆಯ ಸೈನ್ಯ ನಿಜಾಮನನ್ನು ಸೋಲಿಸಿದ್ದು ಇಲ್ಲಿ. ಆ ಕತೆ ಹೇಳುತ್ತ ಕಂದಕದ ಅಂಚಿನಲ್ಲಿ ನಡೆಯಿರಿ. ಆಮೇಲೆ ಸುಮ್ಮನೆ ಕೂತು ಬುರುಜಿನ ಸಂದುಗಳಲ್ಲಿ ಯಾರು ಮನೆ ಮಾಡಿದ್ದಾರೆ ಎಂದು ಮಕ್ಕಳೇ ಎಣಿಸಲಿ. ಗಿಣಿ, ಪಾರಿವಾಳ, ಕಬ್ಬಕ್ಕಿ, ಗೂಬೆ. ದೇವರ್ಜನದ ಹತ್ತಿರ ಹತ್ತಿಬೇಟ ಇದೆ, ಗಂಗಾರಾಮ ಮಹಾರಾಜರ ಸಮಾಧಿ, ಕೊರೆದ ಗುಹೆಗಳು. ರಜಾಕಾರರ ವಿರುದ್ಧ ಹೋರಾಡಿದವರಿಗೆ ಆಸರೆಯಾದ ಗುಡ್ಡ. ಅದರ 'ಬೇಟ' ನನ್ನ ಕಿವಿಗೆ ಬೆಟ್ಟ ಎಂದೇ ಕೇಳುತ್ತದೆ. ನಿಲಂಗಾದವರಿಗೆ ಔರಾದ ಶಹಾಜನಿಯ ಕಡೆಯ ಮಾಂಜರಾ ದಂಡೆ, ಉಮರ್ಗಾದವರಿಗೆ ಮಾಕಣಿಯಲ್ಲಿ ತೇರಣಾ ಕಟ್ಟೆಯ ಹಿನ್ನೀರು. ಗಾಡಿ ಇಲ್ಲದಿದ್ದರೆ ಉದಗೀರದಿಂದ ಕಮಲನಗರ, ಭಾಲ್ಕಿ ಕಡೆ ಹೋಗುವ ರೈಲಿನ ಕಿಟಕಿಯಲ್ಲಿ ಮಗುವನ್ನು ಕೂರಿಸಿ. ತಂತಿಯ ಮೇಲೆ ಕೂತ ಹಕ್ಕಿಗಳನ್ನು ಕಂಬದಿಂದ ಕಂಬಕ್ಕೆ ಎಣಿಸುವುದೂ ಒಂದು ವಿಹಾರವೇ. ಹೊಲದ ಹಾದಿಯಲ್ಲಿ ನಮ್ಮ ದೇವಣಿ ತಳಿಯ ಎತ್ತು, ಆಕಳು ಕಂಡರೆ ನಿಂತು ತೋರಿಸಿ. ಈ ನೆಲದಲ್ಲೇ ಹುಟ್ಟಿ ಹೆಸರಾದ ತಳಿ ಅದು, ಅದರ ಬೆನ್ನಿನ ಮೇಲೆ, ಕಾಲಿನ ಬುಡದಲ್ಲಿ ಬೆಳ್ಳಕ್ಕಿ ಇದ್ದೇ ಇರುತ್ತದೆ.

ಹೆಣ್ಣುಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ನಮ್ಮ ಕಡೆ ಗಂಡುಹುಡುಗರಿಗೆ ಬಯಲು ಹೇಗೋ ಸಿಗುತ್ತದೆ, ದನ ಬಿಡಲು, ಈಜಲು, ಕ್ರಿಕೆಟ್ ಆಡಲು. ಹತ್ತು ವರ್ಷ ದಾಟಿದ ಹುಡುಗಿಗೆ ಹೊಲ ಎಂದರೆ ಕೆಲಸ, ಇಲ್ಲವೇ ಹಬ್ಬ. ಸುಮ್ಮನೆ ತಿರುಗಾಡಲು ಅವಳಿಗೂ ಒಂದು ಬೆಳಗು ಬೇಕು. ತಾಯಂದಿರೇ, ನಿಮಗೂ ಬೇಕು. ಆ ದಿನ ರೊಟ್ಟಿ ರಾತ್ರಿಯೇ ಬಡಿದಿಡಿ, ಶೇಂಗಾ ಹಿಂಡಿ, ಮೊಸರು ಸಾಕು. ಊಟಕ್ಕಾಗಿ ಹೋಗುವ ದಿನ ಎಳ್ಳಮಾವಾಸ್ಯೆ, ಇದು ನೋಡುವುದಕ್ಕಾಗಿ ಹೋಗುವ ದಿನ.

ಕೆಲವು ಮಾತನ್ನು ಕಟುವಾಗಿ ಹೇಳಬೇಕಾಗಿದೆ, ಮನ್ನಿಸಿ. ಕೊಯ್ದ ಹೊಲದಲ್ಲಿ ಚಿಗರಿಯ ಬೆನ್ನು ಹತ್ತಿ ಮೋಟಾರ್ ಸೈಕಲ್ ಓಡಿಸಿ, ಅದನ್ನು ಮೊಬೈಲಿನಲ್ಲಿ ಹಿಡಿದು ಹಂಚುವ ಹುಡುಗರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಓಡಿ ಓಡಿ ಬಾಯಲ್ಲಿ ನೊರೆ ಬಂದು ನಿಂತ ಗಬ್ಬದ ಚಿಗರಿಯನ್ನೂ ಕಂಡಿದ್ದೇನೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಮೊದಲನೆಯ ಪಟ್ಟಿಯ ಪ್ರಾಣಿ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಕಾಯ್ದೆಯ ಮಾತು ಹಾಗಿರಲಿ, ನಿಮ್ಮ ಮಗನ ಮೊಬೈಲಿನಲ್ಲಿ ಅಂಥ ವಿಡಿಯೋ ಇದ್ದರೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿ. ಚಿಗರಿ ನಿಮ್ಮ ಹೊಲ ಮೇದಿದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಪರಿಹಾರ ನಿಮ್ಮ ಹಕ್ಕು.

ಇನ್ನೊಂದು, ಬದುವಿಗೆ ಬೆಂಕಿ. ಸುಗ್ಗಿ ಮುಗಿದ ಮೇಲೆ ಹೊಲ ಹಸನಾಗಲಿ ಎಂದು ಬದುವಿನ ಒಣ ಹುಲ್ಲಿಗೆ ಕಡ್ಡಿ ಗೀರುತ್ತೇವೆ. ಟಿಟವಿ ತತ್ತಿ ಇಡುವುದು, ಬುರ್ಲಿ ಅಡಗುವುದು, ಮೊಲ ಮರಿ ಹಾಕುವುದು ಅಲ್ಲಿಯೇ, ಆ ದಿನಗಳಲ್ಲೇ. ನಮ್ಮ ಪಕ್ಕದ ಹೊಲದಲ್ಲಿ ಬೆಂಕಿ ಆರಿದ ಮರುದಿನ ಬೂದಿಯೊಳಗೆ ಮೂರು ಮೊಲದ ಮರಿ ಒಂದರ ಮೇಲೊಂದು ಬಿದ್ದಿದ್ದವು. ಎಲ್ಲ ಬದುಗಳನ್ನೂ ಉಳಿಸಿ ಎಂದು ಕೇಳುವುದಿಲ್ಲ, ಒಂದು ಹೊಲಕ್ಕೆ ಒಂದು ಬದು ಸುಡದೆ ಬಿಡಿ. ಹುಲ್ಲು ಕೊಯ್ದು ದನಕ್ಕೆ ಹಾಕಿದರೂ ಸರಿ.

ಹೋಗುವಾಗ ಮೊಬೈಲ್ ಜೇಬಿನಲ್ಲಿರಲಿ, ಸದ್ದು ಬಂದ್ ಇರಲಿ. ಗೂಡಿನ ಹತ್ತಿರ ಹೋಗಿ ಫೋಟೋ ತೆಗೆಯಬೇಡಿ. ನಿಮ್ಮ ಹೆಜ್ಜೆ ನೋಡಿಯೇ ಕಾಗೆ, ನಾಯಿ ಆ ತತ್ತಿಯನ್ನು ಪತ್ತೆ ಮಾಡುತ್ತವೆ. ಕಟ್ಟೆ ಇಲ್ಲದ ಹಾಳು ಬಾವಿಗಳು ನಮ್ಮ ಹೊಲಗಳಲ್ಲಿ ಬಹಳ. ಸಣ್ಣವರ ಕೈ ಬಿಡಬೇಡಿ. ಕಾಲಿಗೆ ಬೂಟು ಇರಲಿ. ಬೇರೆಯವರ ಹೊಲವಾದರೆ ಕೇಳಿ ಕಾಲಿಡಿ; ಕೇಳಿದರೆ ಒಲ್ಲೆ ಎನ್ನುವ ರೈತ ನಮ್ಮ ಕಡೆ ಇಲ್ಲ, ಕೈಗೆ ಒಂದು ಹಿಡಿ ಕಡಲೆಯನ್ನೂ ಕೊಟ್ಟು ಕಳಿಸುತ್ತಾನೆ. ಒಂಬತ್ತರೊಳಗೆ ಮರಳಿ ಬನ್ನಿ.

ಬಂದ ಮೇಲೆ ಒಂದು ಕೆಲಸ. ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಆ ದಿನದ ಮನೆಯಲ್ಲಿಯೇ ಮಗು ಕಂಡದ್ದನ್ನು ಬರೆಯಲಿ. ಯಾವ ಹಕ್ಕಿ, ಎಲ್ಲಿ, ಮರಾಠಿ ಹೆಸರು, ಅದರ ಕೆಳಗೆ ಮುತ್ಯಾ ಅಥವಾ ಆಯಿ ಹೇಳಿದ ಕನ್ನಡ ಹೆಸರು. ಪುಸ್ತಕದ ಹೆಸರಿಗೂ ಆಯಿಯ ಹೆಸರಿಗೂ ತಾಳೆಯಾಗದಿದ್ದರೆ ಆಯಿಯದನ್ನು ತಿದ್ದಬೇಡಿ, ಹೇಳಿದ ಹಾಗೆಯೇ ಬರೆಯಿರಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದ ತುಂಬ ಜನ ತಮ್ಮ ಹಿತ್ತಿಲಿನ, ಊರಿನ ಹಕ್ಕಿಗಳನ್ನು ಎಣಿಸುತ್ತಾರೆ. 1998ರಲ್ಲಿ ಅಮೆರಿಕದಲ್ಲಿ ಶುರುವಾದ ಎಣಿಕೆ, ನಮ್ಮ ದೇಶ 2013ರಿಂದ ಅದರಲ್ಲಿ ಸೇರಿದೆ. ಒಂದೇ ಕಡೆ ಹದಿನೈದು ನಿಮಿಷ ನಿಂತು ಕಂಡದ್ದನ್ನು ಬರೆದರೆ ಸಾಕು, ಯಾರು ಬೇಕಾದರೂ ಸೇರಬಹುದು. ನಮ್ಮ ಮಾಳಗಳಿಂದ ಎಣಿಸಿ ಕಳಿಸಲು ನಿಮ್ಮ ಮಕ್ಕಳಿಗಿಂತ ತಕ್ಕವರು ಯಾರು?

ಹೋಳಿ ಹತ್ತಿರ ಬಂದಾಗ ಮುತ್ತಲದ ಬುಡದಲ್ಲಿ ಉದುರಿದ ಹೂಗಳನ್ನಷ್ಟೇ ಒಂದು ಚೀಲ ಆಯ್ದುಕೊಳ್ಳಿ, ಕೊಂಬೆ ಮುರಿಯಬೇಡಿ. ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆ ಕೊಡದ ತುಂಬ ಕೇಸರಿ ಬಣ್ಣ. ರಂಗಪಂಚಮಿಗೆ ನಾವು ಚಿಕ್ಕವರಿದ್ದಾಗ ಆಡಿದ ಬಣ್ಣ ಅದೇ.

ಬರುವ ರವಿವಾರ ಬೆಳಿಗ್ಗೆ ಆರೂವರೆಗೆ ನಾನು ನಮ್ಮೂರ ಗಾಯರಾನದ ಹುಣಸೆ ಮರದ ಕೆಳಗೆ ಇರುತ್ತೇನೆ. ನಮ್ಮ ಓಣಿಯ ನಾಲ್ಕು ಮಕ್ಕಳು, ಅವರಲ್ಲಿ ಒಬ್ಬಳ ಎಂಬತ್ತೆರಡು ವರ್ಷದ ಆಯಿ ಬರುತ್ತೇವೆಂದು ಹೇಳಿದ್ದಾರೆ. ಆಯಿಗೆ ನಡೆಯಲು ಆಗುವುದಿಲ್ಲ, ಬಂಡಿ ಕಟ್ಟಿಸುತ್ತಿದ್ದೇವೆ. ನಮ್ಮ ಹಿತ್ತಿಲ ಬೇಲಿಯ ಆ ಕಂದು ಹಕ್ಕಿಯನ್ನು ಅವರಿಗೆ ತೋರಿಸಿ ಏನೆನ್ನುತ್ತಾರೆ ಎಂದು ಕೇಳಬೇಕಾಗಿದೆ.

ನಿಮ್ಮ ವಿಶ್ವಾಸದ,
ಒಬ್ಬ ನಿವೃತ್ತ ಶಿಕ್ಷಕಿ
ಉದಗೀರ ತಾಲೂಕು, ಜಿಲ್ಲಾ ಲಾತೂರ